ದಿನ ಬಿಟ್ಟು ದಿನ

ಮಾರ್ಚ್ ೩೦, ಭಾನುವಾರ
ಬೆಳಿಗ್ಗೆ ಹತ್ತು ಗಂಟೆ

ನನ್ನ ಟೈಂಕೀಪರಮ್ಮನಿಗೆ,

ನಾನು ಕ್ಷೇಮ. ನೀನು, ಮಗಳು, ಅಳಿಯ, ಐದು ತಿಂಗಳ ಆ ಪುಟ್ಟ ಯಜಮಾನಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನೀನು ಹೊರಟು ಇವತ್ತಿಗೆ ಐದು ವಾರ. ನಿನ್ನಿಂದ ಎರಡು ಕಾಗದ ಬಂದವು, ನನ್ನಿಂದ ಒಂದೂ ಹೋಗಲಿಲ್ಲ. ಬಸ್ ಡಿಪೋದಲ್ಲಿ ಕೂತು ಮೂವತ್ತು ವರ್ಷ ಬಸ್ಸುಗಳ ತಡವನ್ನು ನಿಮಿಷ ನಿಮಿಷಕ್ಕೂ ಬರೆದಿಟ್ಟವಳು ನೀನು, ನನ್ನ ಈ ತಡವನ್ನು ಯಾವ ಕಾಲಮ್ಮಿಗೆ ಹಾಕುತ್ತೀಯೋ ಹಾಕಿಕೋ. ಭಾನುವಾರದ ಫೋನು ಇದೆಯಲ್ಲ ಎನ್ನಬೇಡ. ಫೋನಿನಲ್ಲಿ ಆಡಿದ್ದನ್ನು ತಿದ್ದಲಾಗುವುದಿಲ್ಲ. ಅಲ್ಲದೆ ನಾನು ಬಾಯಿ ತೆರೆಯುವಷ್ಟರಲ್ಲಿ ಮಗು ಅಳುತ್ತದೆ, ನೀನು "ಇಡ್ತೀನಿ" ಅನ್ನುತ್ತೀಯ. ಅಂದ ಹಾಗೆ, ನಿನ್ನ ಎರಡನೆಯ ಲಕೋಟೆಗೆ ಎರಡು ಸಲ ಅಂಟು ಹಚ್ಚಿದ ಗುರುತಿತ್ತು. ನೀನೇ ಬಿಚ್ಚಿ ಏನಾದರೂ ಸೇರಿಸಿದೆಯೋ, ಅಳಿಯ ಓದಿದನೋ, ಒಂದು ಸಾಲು ಬರೆದು ತಿಳಿಸು.

ಕೆಟ್ಟ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಹನ್ನೆರಡು ಕುಂಡ ಕರ್ಣಕುಂಡಲದ ಹೂಗಿಡಗಳಲ್ಲಿ ಏಳು ಹೋದವು. ಉಳಿದ ಐದರಲ್ಲಿ ಎರಡರ ಮೇಲೆ ನನಗೆ ಭರವಸೆಯಿಲ್ಲ. ನಿನ್ನ ಮುದ್ದಿನ ಬಿಳಿ ಹೂವಿನದು ಬದುಕಿದೆ. ಹೇಗೆ ಹೋದವು ಎಂದು ಹೇಳಲಿಕ್ಕೇ ಈ ಕಾಗದ. ಮಧ್ಯದಲ್ಲಿ ಎದ್ದು ಫೋನ್ ಮಾಡಬೇಡ, ಪೂರ್ತಿ ಓದು.

ನೀನು ಹೊರಟ ದಿನ ನೆನಪಿದೆಯಲ್ಲ? ನಾನೂ ಒಂದು ಚೀಲಕ್ಕೆ ನಾಲ್ಕು ಅಂಗಿ ತುಂಬಿಕೊಂಡು ನಿಂತಿದ್ದೆ. ಮಗಳ ರಜೆ ಏಪ್ರಿಲ್ ಕೊನೆಗೆ ಮುಗಿಯುತ್ತದೆ, ಅಳಿಯನದು ಪಾಳಿ ಕೆಲಸ, ನಿನ್ನ ಮಂಡಿ ನಿನ್ನ ಮಾತನ್ನೇ ಕೇಳುವುದಿಲ್ಲ. ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ ಬೇಕೇ ಬೇಕು. "ನಾನೂ ಬರ್ತೀನಿ" ಅಂದೆ. ನೀನು ಚೀಲದ ಕಡೆ ನೋಡಿದೆ, ನನ್ನ ಕಡೆ ನೋಡಲಿಲ್ಲ. "ಎಲ್ಲರೂ ಹೋದ್ರೆ ಗಿಡ ಯಾರು ನೋಡ್ತಾರೆ?" ಅಂದೆ ನೀನು. ಹೆರಿಗೆಗೂ ನೀನೊಬ್ಬಳೇ ಹೋಗಿ ಬಂದಿದ್ದೆ. ಮೊಮ್ಮಗಳನ್ನು ನಾನು ಫೋಟೋದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. ಗಿಡ ಬರೀ ನೆಪ, ಮಗುವಿನ ಹತ್ತಿರ ನನ್ನನ್ನು ಸುಳಿಯಗೊಡಬಾರದೆಂದು ನೀನು ಹೂಡಿದ ಆಟ ಎಂದು ಅವತ್ತೇ ಅನುಮಾನ ಬಂತು. ಬಾಯಿ ಬಿಡಲಿಲ್ಲ. ಮನೆಯಲ್ಲಿ ಅನುಮಾನ ತೋರಿಸಿದಾಗಲೆಲ್ಲ "ಇಲ್ಲೂ ಪ್ರೂಫ್ ಓದ್ತಿದೀರಾ?" ಎಂದು ನೀನು ಹಂಗಿಸುತ್ತೀಯ. ಮೂವತ್ತೈದು ವರ್ಷ ಪ್ರೆಸ್ಸಿನಲ್ಲಿ ಕೂತು ಇನ್ನೊಬ್ಬರ ತಪ್ಪು ಹುಡುಕಿಯೇ ಅನ್ನ ತಿಂದವನಿಗೆ ಬೇರೆ ಏನು ಬರುತ್ತದೆ ಹೇಳು.

ಅಡಿಗೆಮನೆಯ ಕಪಾಟಿನ ಬಾಗಿಲ ಒಳಬದಿಗೆ ನೀನು ಒಂದು ಚೀಟಿ ಅಂಟಿಸಿ ಹೋಗಿದ್ದೆ. ಬೆಳಿಗ್ಗೆ ಆರೂವರೆಗೆ, ಬಿಸಿಲೇರುವ ಮುಂಚೆ. ಬುಡಕ್ಕೆ ಮಾತ್ರ, ಹೂವಿನ ಮೇಲೆ ಬೇಡ. ಕುಂಡಕ್ಕೆ ಒಂದೂವರೆ ಚೆಂಬು. ಇಷ್ಟಕ್ಕೂ ನನ್ನ ತಕರಾರಿರಲಿಲ್ಲ. ಕೊನೆಯ ಸಾಲಿನ ಹತ್ತಿರ ಕಣ್ಣು ನಿಂತಿತು: "ದಿನ ಬಿಟ್ಟು ದಿನ ನೀರು ಬಿಡಿ." ನೀನು ಈ ಗಿಡಕ್ಕೆ ಬೇಸಗೆಯಲ್ಲಿ ದಿನವೂ ನೀರು ಬಿಡುವುದನ್ನು ಇಪ್ಪತ್ತು ವರ್ಷ ನೋಡಿದ್ದೇನೆ. ದಂಟನ್ನು ಬೆಳಕಿಗೆ ಹಿಡಿದರೆ ಒಳಗಿನ ನೀರು ಕಾಣುವಂಥ ಗಿಡ, ಒಂದು ಹೊತ್ತು ತಪ್ಪಿದರೆ ಮಧ್ಯಾಹ್ನಕ್ಕೆ ಎಲೆ ಜೋತುಬೀಳುತ್ತದೆ, ಎಂದು ನೀನೇ ಹೇಳುತ್ತಿದ್ದೆ. ಅಂಥವಳು ದಿನ ಬಿಟ್ಟು ದಿನ ಎಂದು ಬರೆಯುವುದುಂಟೆ? ಹೊರಡುವ ಗಡಿಬಿಡಿಯಲ್ಲಿ ಕೈ ತಪ್ಪಿದೆ ಎಂದುಕೊಂಡೆ. ಒಂದು ಪದ ಬರೆದಾಗ ರೂಢಿಯ ಮೇಲೆ ಅದರ ಜೊತೆಯ ಪದಗಳು ತಾವಾಗಿ ಉರುಳಿಬರುತ್ತವೆ, ಇಂಥವನ್ನು ಪ್ರೆಸ್ಸಿನಲ್ಲಿ ದಿನಕ್ಕೆ ಹತ್ತು ಹಿಡಿಯುತ್ತೇನೆ. ಕೆಂಪು ಪೆನ್ನು ತೆಗೆದು "ಬಿಟ್ಟು ದಿನ" ಎಂಬೆರಡನ್ನು ಹೊಡೆದುಹಾಕಿದೆ, ಉಳಿದ "ದಿನ"ಕ್ಕೆ ಒಂದು ದೀರ್ಘ ಎಳೆದೆ. ದಿನಾ ನೀರು ಬಿಡಿ. ಎಷ್ಟು ಚೊಕ್ಕವಾಯಿತು ಎಂದು ಎರಡು ಹೆಜ್ಜೆ ಹಿಂದೆ ನಿಂತು ನೋಡಿದೆ ಕೂಡ.

ಮೊದಲ ಭಾನುವಾರ ಫೋನಿನಲ್ಲಿ ನೀನು ಕೇಳಿದೆ: "ನಾ ಬರೆದ ಹಾಗೇ ನೀರು ಬಿಡ್ತಿದೀರಾ?"

"ನೀ ಬರೀಬೇಕಾಗಿದ್ದ ಹಾಗೆ ಬಿಡ್ತಿದೀನಿ" ಅಂದೆ.

ಮಗು ಅತ್ತಿತು. ನೀನು ಫೋನ್ ಇಟ್ಟೆ.

ಎರಡನೆಯ ವಾರದ ಮಂಗಳವಾರ ಸಂಜೆ ಐದಕ್ಕೆ ಪ್ರೆಸ್ಸಿನಿಂದ ಬಂದವನು ಚಪ್ಪಲಿ ಬಿಟ್ಟು ನೇರ ಹಿಂದಿನ ತಾರಸಿಗೆ ಹೋದೆ. ಕುಂಡಗಳ ಕೆಳಗಿನ ತಟ್ಟೆಗಳಲ್ಲಿ ನೀರು ನಿಂತಿತ್ತು. ಬೆಳಿಗ್ಗೆ ಆರೂವರೆಗೆ ಬಿಟ್ಟ ನೀರು ಆ ಬಿಸಿಲಿಗೆ ಸಂಜೆಯತನಕ ನಿಲ್ಲುವುದು ಸಾಧ್ಯವೇ ಇಲ್ಲ. ಚೆಂಬನ್ನು ನಾನು ಬಾಗಿಲ ಬಲಕ್ಕೆ ಬೋರಲು ಹಾಕುತ್ತೇನೆ. ಅದು ಎಡಕ್ಕೆ ನೆಟ್ಟಗೆ ಕೂತಿತ್ತು. ಬಲಿತ ಕಾಯಿಗಳು ಸಿಡಿದು ಬೀಜ ನೆಲದ ಮೇಲೆಲ್ಲ ಚೆಲ್ಲಿತ್ತು. ಆ ಕಾಯಿ ಬಟ್ಟೆ ತಾಗಿದರೂ ಸಾಕು, ಪಟ್ ಎಂದು ಸಿಡಿಯುತ್ತದೆ. ಯಾರೂ ಮುಟ್ಟದಿದ್ದರೂ ಬಿಸಿಲಿಗೆ ಸಿಡಿಯುತ್ತೆ ಎಂದು ನೀನು ಹೇಳುತ್ತೀಯ. ಒಪ್ಪಿದೆ. ಆದರೆ ಓಡಾಡುವ ಜಾಗದ ಉದ್ದಕ್ಕೂ, ಅಷ್ಟರಲ್ಲಿ ಮಾತ್ರ ಸಿಡಿಯುತ್ತದೆಯೇ?

ಆ ತಾರಸಿಗೆ ಅಡಿಗೆಮನೆಯ ಮೂಲಕವಲ್ಲದೆ ಬೇರೆ ದಾರಿಯಿಲ್ಲ. ಯಾರೋ ಮನೆಯೊಳಗೆ ಬಂದು ಹೋಗಿದ್ದಾರೆ. ಒಂದು ಚಮಚ ಕೂಡ ಕಾಣೆಯಾಗಿರಲಿಲ್ಲ, ಅದೇ ತೊಂದರೆ. ಕದ್ದುಕೊಂಡು ಹೋದವನ ಮೇಲೆ ಪೊಲೀಸರಿಗೆ ದೂರು ಕೊಡಬಹುದು, ನೀರು ಹಾಕಿ ಹೋದವನ ಮೇಲೆ ಏನೆಂದು ಕೊಡಲಿ?

ಅವತ್ತಿನಿಂದ ಒಂದು ಕರಡು ಹಾಳೆಯ ಅಂಚಿನಲ್ಲಿ ಬರೆದಿಡತೊಡಗಿದೆ. ಮಂಗಳವಾರ ಒದ್ದೆ, ಬುಧವಾರ ಒಣ, ಗುರುವಾರ ಒದ್ದೆ, ಶುಕ್ರವಾರ ಒಣ. ಸರದಿ ಭಾನುವಾರಕ್ಕೆ ಬಿದ್ದರೆ ನಾನು ತರಕಾರಿ ತರಲು ಹೋಗಿ ಬರುವಷ್ಟರಲ್ಲಿ ಒದ್ದೆ. ಮುಂಬಾಗಿಲ ಸಂದಿಗೆ ಕಾಗದದ ಒಂದು ಎಳೆ ಸಿಕ್ಕಿಸಿ ಹೋಗುವ ಅಭ್ಯಾಸ ಮಾಡಿಕೊಂಡೆ. ಒದ್ದೆಯಾದ ದಿನ ಮಾತ್ರ ಅದು ಕೆಳಗೆ ಬಿದ್ದಿರುತ್ತಿತ್ತು. ಅಂದರೆ ಬರುವವರ ಹತ್ತಿರ ಬೀಗದ ಕೈ ಇದೆ.

ಮನೆ ಮಾಲೀಕನ ಹತ್ತಿರ ಒಂದು ಇದೆಯಲ್ಲ. ಹೋಗಿ ಸುತ್ತಿ ಬಳಸಿ ಕೇಳಿದೆ. "ನಾನ್ಯಾಕ್ರೀ ನಿಮ್ಮ ಗಿಡಕ್ಕೆ ನೀರು ಹಾಕ್ಲಿ? ತಾರಸಿ ಸೋರುತ್ತೆ, ಒಂದೆರಡು ಕುಂಡ ಕಮ್ಮಿ ಮಾಡಿ ಅಂತ ಬಾಯಿ ಬಡ್ಕೊಳ್ಳೋನು ನಾನು" ಅಂದ. ಮಾತು ಸರಿಯಾಗಿತ್ತು, ಅವನನ್ನು ಪಟ್ಟಿಯಿಂದ ಹೊಡೆದುಹಾಕಿದೆ.

ಅಷ್ಟು ಹೊತ್ತಿಗೆ ಗಿಡಗಳು ಬೀಳಲು ಶುರುವಾದವು. ಎಲೆಗಳು ಬಾಯಾರಿದ ಹಾಗೆ ಜೋತುಬಿದ್ದವು. ನೀರು ಸಾಲದೆಂದು ಬೆಳಿಗ್ಗೆ ಅರ್ಧ ಚೆಂಬು ಹೆಚ್ಚಿಗೆ ಬಿಟ್ಟೆ. ಇನ್ನೂ ಜೋತುಬಿದ್ದವು. ಮೂರನೆಯ ವಾರ ಗುಲಾಬಿ ಬಣ್ಣದ್ದು ಬುಡದಲ್ಲಿ ಕಂದಿ, ಬೆರಳಿಟ್ಟರೆ ಲೊಳಕ್ಕೆನ್ನುವಷ್ಟು ಮೆತ್ತಗಾಗಿ, ಮೊಗ್ಗಿನ ಸಮೇತ ಪಕ್ಕಕ್ಕೆ ಒರಗಿತು. ಮರುದಿನ ಅದರ ಪಕ್ಕದ್ದು. ನನಗೆ ಅಳು ಬಂತು, ನಿಜ ಹೇಳುತ್ತೇನೆ. ಹೂವಿಗಲ್ಲ. ಗಿಡ ಸತ್ತರೆ ನೀನು ನನ್ನನ್ನು ಯಾವತ್ತೂ ಅಲ್ಲಿಗೆ ಕರೆಯುವುದಿಲ್ಲ ಎಂದು ಒಳಗೊಳಗೇ ಗೊತ್ತಿತ್ತು.

ಆಗ ಕೆಳಗಿನ ಮನೆಯ ದರ್ಜಿಯಮ್ಮ ನೆನಪಾದಳು. ಹೋದ ವರ್ಷ ನಮ್ಮ ಕುಂಡದ ನೀರು ತೊಟ್ಟಿಕ್ಕಿ ಅವಳ ಪರದೆ ಬಟ್ಟೆಯೆಲ್ಲ ಕಲೆಯಾದಾಗ ಮೆಟ್ಟಿಲ ಮೇಲೆ ನಿಂತು ಏನಂದಳು? "ಆ ಗಿಡ ಒಂದಿನ ಕೊಳೆತು ಹೋಗುತ್ತೆ, ನೋಡ್ತಿರಿ." ನೀನು ನಕ್ಕುಬಿಟ್ಟಿದ್ದೆ, ಆಮೇಲೆ ನೀವಿಬ್ಬರೂ ಅಕ್ಕ ತಂಗಿಯರ ಹಾಗೆ ಆದಿರಿ. ನಾನು ಮರೆಯಲಿಲ್ಲ. ನೀರು ಹೊಯ್ದು ಹೊಯ್ದು ಕೊಲ್ಲುತ್ತಿದ್ದಾಳೆ, ವಿಷ ಹಾಕಿದರೆ ಸಿಕ್ಕಿಬೀಳುತ್ತೇನೆಂದು ನೀರನ್ನೇ ಹಿಡಿದಿದ್ದಾಳೆ ಎಂದು ಲೆಕ್ಕ ಹಾಕಿದೆ.

ಚೆಂಬು ಎಡಕ್ಕಿರುತ್ತಿತ್ತಲ್ಲ, ಅವಳು ಎಡಚಿಯೋ ಅಲ್ಲವೋ ನೋಡಬೇಕಿತ್ತು. ಎಂಟು ದಿನದ ಹಿಂದೆ, ಶನಿವಾರ, ಅಂಗಿಯ ಒಂದು ಗುಂಡಿಯನ್ನು ನಾನೇ ಕಿತ್ತುಕೊಂಡು ಕೆಳಗೆ ಹೋದೆ. ಎಡಗೈಯಲ್ಲೇ ಸೂಜಿ ಹಿಡಿದಳು! ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆನೆಂದು ಕಾಣುತ್ತದೆ.

"ಏನು ಸಾರ್, ನನ್ನ ಕೈನೇ ನೋಡ್ತಿದೀರಲ್ಲ?"

"ಎಡಗೈಯಲ್ಲಿ ಹೊಲೀತೀರಲ್ಲ, ಅದಕ್ಕೆ."

"ಎಡಗೈಯವರು ಹೊಲಿದ ಗುಂಡಿ ಉದುರಿಹೋಗುತ್ತಾ?" ಅಂದು ಅಂಗಿಯನ್ನು ಬೆಳಕಿಗೆ ಹಿಡಿದಳು. "ಇದು ತಾನಾಗಿ ಬಿದ್ದಿದ್ದಲ್ಲ ಸಾರ್. ದಾರ ಸವೆದಿಲ್ಲ, ಹರಿದಿದೆ. ಯಾರೋ ಬೇಕಂತ ಕಿತ್ತಿದಾರೆ."

ನಾನು ಗೋಡೆಯ ಕಡೆ ತಿರುಗಿ ಕೆಮ್ಮಿದೆ. ಅಷ್ಟರ ಮೇಲೆ, ಏನೂ ಅರಿಯದವಳ ಹಾಗೆ, "ಗಿಡ ಹೇಗಿವೆ ಸಾರ್?" ಎಂದು ಕೇಳಿದಳು. ಅದನ್ನು ಕೇಳಿದ ಮೇಲೆ ನನಗೆ ಯಾವ ಸಂಶಯವೂ ಉಳಿಯಲಿಲ್ಲ.

ನನ್ನ ಪಟ್ಟಿಯ ಪ್ರಕಾರ ಮೊನ್ನೆ ಶುಕ್ರವಾರ ಒದ್ದೆಯ ದಿನ. ಪ್ರೆಸ್ಸಿಗೆ ರಜೆ ಹಾಕಿದೆ. ಹೊಸ ಮ್ಯಾನೇಜರನಿಗೆ ಖುಷಿಯೋ ಖುಷಿ, ನನ್ನನ್ನು ಮನೆಗೆ ಕಳಿಸುವ ದಾರಿ ಹುಡುಕುತ್ತಿದ್ದಾನೆ, ಆ ಕಥೆ ಇನ್ನೊಮ್ಮೆ ಹೇಳುತ್ತೇನೆ. ಎಂದಿನಂತೆ ಎಂಟಕ್ಕೆ ಚೀಲ ಹಿಡಿದು, ಮೆಟ್ಟಿಲ ಮೇಲೆ ಸದ್ದು ಮಾಡಿಕೊಂಡು ಇಳಿದೆ. ಬೀದಿಯ ತಿರುವಿನಲ್ಲಿ ಅರ್ಧ ಗಂಟೆ ನಿಂತು, ಚಪ್ಪಲಿ ಕೈಯಲ್ಲಿ ಹಿಡಿದು ಕಳ್ಳನ ಹಾಗೆ ನನ್ನ ಮನೆಗೇ ಹತ್ತಿ ಬಂದೆ. ಬಾಗಿಲಿಗೆ ಒಳಗಿನಿಂದ ಬೀಗ ಹಾಕಿಕೊಂಡು ಅಡಿಗೆಮನೆಯ ಪಕ್ಕದ ಉಗ್ರಾಣದಲ್ಲಿ ಸ್ಟೂಲಿನ ಮೇಲೆ ಕೂತೆ. ಕೈಯಲ್ಲಿ ಛತ್ರಿ ಇತ್ತು. ಅದರಿಂದ ಏನು ಮಾಡಬೇಕೆಂದು ಯೋಚಿಸಿರಲಿಲ್ಲ.

ಹನ್ನೊಂದಕ್ಕೆ ಬೀಗದಲ್ಲಿ ಕೈ ತಿರುಗಿತು. ದರ್ಜಿಯಮ್ಮನೇ. ಕೊರಳಲ್ಲಿ ಅಳತೆಯ ಟೇಪು. ನೇರ ಬಂದು ಫೋನನ್ನು ನಲ್ಲಿಯ ಪಕ್ಕದ ಹಲಗೆಗೆ ಒರಗಿಸಿ, ಸ್ಪೀಕರ್ ಹಾಕಿ, ಚೆಂಬು ತುಂಬಿಸತೊಡಗಿದಳು. ಉಗ್ರಾಣದ ಬಾಗಿಲ ಸಂದಿಯಿಂದ ಅವಳ ಎಡ ಮೊಣಕೈ ಕಾಣುತ್ತಿತ್ತು.

"ಬಂದಿದೀನಿ ಅಕ್ಕ."

"ಹನ್ನೊಂದು ಗಂಟೆ ಮೂರು ನಿಮಿಷ" ಎಂದಿತು ಫೋನು. ನಿನ್ನ ದನಿ.

ಆಮೇಲೆ ನೀವಿಬ್ಬರೂ ಆಡಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ, ನೀನೇ ಓದಿಕೋ.

"ಇನ್ನೆರಡು ಬಿದ್ದಿವೆ ಅಕ್ಕ. ನಾನಂತೂ ನನ್ನ ದಿನ ಒಂದೂ ತಪ್ಪಿಸಿಲ್ಲ."

"ಹಾಗಾದ್ರೆ ಅವರು ಅವರ ದಿನ ತಪ್ಪಿಸಿದಾರೆ. ಒಂದಿನ ನೀನು, ಒಂದಿನ ಅವರು ಅಂತ ಮಾಡಿದ್ದೇ ಅದಕ್ಕೆ, ಅವರು ಮರೆತ್ರೂ ಅರ್ಧ ನೀರಾದ್ರೂ ಸಿಗ್ಲಿ ಅಂತ. ಹನ್ನೆರಡು ಕುಂಡ ನೆನಪಿಟ್ಟು ನೋಡ್ಕೊಂಡ್ರೆ ಕರೆಸ್ಕೊಳ್ಳೋಣ, ಮಗೂನ ಕೈಗೆ ಕೊಡೋಣ ಅಂದ್ಕೊಂಡಿದ್ದೆ."

"ಕರೆಸ್ಕೊಳ್ಳಿ ಅಕ್ಕ. ಪಾಪ, ಒಬ್ಬರೇ ಇದಾರೆ. ಮೊನ್ನೆ ಮಾತಾಡೋಕೆ ಯಾರೂ ಇಲ್ದೆ ಗುಂಡಿ ಕಿತ್ಕೊಂಡು ಬಂದಿದ್ರು."

"ಹೇಗೆ ಕರೆಸ್ಲಿ? ಒಂದ್ಸಲ ಔಷಧಿ ಕೊಡೋದು ಮರೆತ್ರು, ನನ್ನ ಮಗಳ ಎಡಗಿವಿ ಹೋಯ್ತು. ಅವಳ ಮಗೂಗೂ ಹಾಗಾದ್ರೆ ನಾನು ಅವಳಿಗೆ ಏನು ಹೇಳ್ಲಿ?"

ದರ್ಜಿಯಮ್ಮ ತುಂಬಿದ ಚೆಂಬನ್ನು ಎತ್ತಿಕೊಂಡಳು. ನೀನು ಮಗು ಎದ್ದಿತೆಂದು ಫೋನ್ ಇಟ್ಟೆ. ನಾನು ಕೂತೇ ಇದ್ದೆ. ಎದ್ದು ಹೊರಗೆ ಬರಬೇಕೆಂದು ಅನಿಸಲಿಲ್ಲ. ನೆಲ ಗುಡಿಸಲು ಪೊರಕೆ ಬೇಕಾಗಿ ಅವಳೇ ಉಗ್ರಾಣದ ಬಾಗಿಲು ತೆಗೆದಳು, ಛತ್ರಿ ಹಿಡಿದು ಕೂತ ನನ್ನನ್ನು ಕಂಡು ಕಿಟಾರನೆ ಕಿರುಚಿದಳು. ನಾನೂ ಕಿರುಚಿದೆ. ಕೆಳಗಿನ ಬೀದಿಯಲ್ಲಿ ಯಾರೋ "ಏನಾಯ್ತು?" ಎಂದು ಕೂಗಿದರು.

ಇಬ್ಬರೂ ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಕೇಳಿದೆ: "ಮಣ್ಣು ಒದ್ದೆ ಇದ್ದಾಗಲೂ ಯಾಕೆ ಹಾಕಿದ್ರಿ?"

"ಒದ್ದೆ ಇತ್ತು ಸಾರ್. ಆದ್ರೆ ಅಕ್ಕ ದಿನ, ಚೆಂಬು ಎಲ್ಲಾ ಬರ್ಕೊಟ್ಟಿದ್ರಲ್ಲ. ಕೊಟ್ಟ ಅಳತೆಗೆ ಹೊಲಿಯೋದು ನನ್ನ ಕೆಲ್ಸ. ಅಳತೆ ತಪ್ಪು ಅಂತ ನಾನೇ ಕತ್ತರಿ ಆಡಿಸಿದ್ರೆ ಯಾರ ಬಟ್ಟೆ ಹಾಳಾಗೋದು?"

ನಾನು ಕಪಾಟಿನ ಬಾಗಿಲು ತೆರೆದು ಚೀಟಿ ತೋರಿಸಿದೆ. ಅವಳು ಎರಡು ಸಲ ಓದಿದಳು, ಕೆಂಪು ಗೀಟಿನ ಮೇಲೆ ಬೆರಳಾಡಿಸಿದಳು, ಜೋರಾಗಿ ನಕ್ಕಳು.

"ಅಯ್ಯೋ ಸಾರ್! ಹಾಗಾದ್ರೆ ನೀವು ಮರೆತೇ ಇಲ್ಲ! ದಿನಾ ಹಾಕಿದೀರ. ಇಬ್ಬರೂ ಸೇರಿ ಮುಳುಗಿಸಿದ್ವಿ ಅಷ್ಟೇ. ತಾಳಿ, ಈಗಲೇ ಅಕ್ಕಂಗೆ ಹೇಳ್ತೀನಿ, ಇವತ್ತೇ ರೈಲು ಹತ್ತಿಸ್ತಾರೆ ನಿಮ್ಮನ್ನ."

ಫೋನಿಗೆ ಕೈ ಹಾಕಿದವಳನ್ನು ತಡೆದೆ. ನಾನೇ ಬರೆಯುತ್ತೇನೆ, ನೀವು ಏನೂ ಹೇಳಬೇಡಿ ಎಂದು ಕೇಳಿಕೊಂಡೆ. ಮುಖ ಸಪ್ಪಗೆ ಮಾಡಿಕೊಂಡು ಒಪ್ಪಿದಳು. ಒಳ್ಳೆಯವಳು. ಅವಳ ಮೇಲೆ ಪಟ್ಟ ಅನುಮಾನಕ್ಕೆ ಅವಳ ಎದುರಿಗೇ ತಪ್ಪೊಪ್ಪಿಕೊಂಡಿದ್ದೇನೆ.

ನಿನ್ನ ಮೇಲೆ ಸಿಟ್ಟು ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ನಿನ್ನೆಯೆಲ್ಲ ಕುದಿಯುತ್ತಿದ್ದೆ. ನನ್ನ ಮನೆಗೆ ನನಗೇ ತಿಳಿಯದ ಬೀಗದ ಕೈ, ನನ್ನ ಮೇಲೆ ಕಾವಲು, ಹನ್ನೆರ‍ಡು ಕುಂಡದ ಪರೀಕ್ಷೆ! ಅನುಮಾನ ನನ್ನ ಕಸುಬು ಅಂದುಕೊಂಡಿದ್ದೆ, ನನಗಿಂತ ಪಳಗಿದವಳು ನೀನು. ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಏಳು ಗಿಡ ಉಳಿಯುತ್ತಿದ್ದವು. ಹೀಗೆ ಬೈಗುಳವನ್ನೆಲ್ಲ ಒಪ್ಪವಾಗಿ ಜೋಡಿಸಿಕೊಂಡು ಇವತ್ತು ಬರೆಯಲು ಕೂತೆ. ಬರೆಯುತ್ತಾ ಬರೆಯುತ್ತಾ ಅದು ಇಳಿದುಹೋಯಿತು.

ಸತ್ತ ಗಿಡಗಳ ಮಣ್ಣನ್ನು ಹರಡಿ ಒಣಗಿಸಿದ್ದೇವೆ. ಉಳಿದ ಐದನ್ನು ಗೋಡೆಯ ನೆರಳಿಗೆ ಸರಿಸಿ, ತಟ್ಟೆ ತೆಗೆದಿಟ್ಟಿದ್ದೇವೆ. ಮಣ್ಣಿಗೆ ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ನೀರು ಎಂದು ದರ್ಜಿಯಮ್ಮ ಕಾಯಿದೆ ಮಾಡಿದ್ದಾಳೆ. ಬೀಜ ಒಂದು ಡಬ್ಬಿ ತುಂಬ ಆಯ್ದಿಟ್ಟಿದ್ದೇನೆ. ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ ಹೇಳು. ಪುಟ್ಟ ಯಜಮಾನಿಗೆ ನೂರು ವರ್ಷ ಆಯಸ್ಸಾಗಲಿ, ಅವಳ ಅಂಗಾಲಿಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು ಕೊಡು. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ.

ಇಂತಿ ನಿನ್ನ,
ತಪ್ಪು ಹುಡುಕುವವನು

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದ್ದೇನೆ. "ನೀವು ಮರೆತೇ ಇಲ್ಲ" ಎಂಬ ದರ್ಜಿಯಮ್ಮನ ಮಾತು ಎರಡು ದಿನದಿಂದ ನನ್ನನ್ನು ಕೂರಲು ಬಿಟ್ಟಿಲ್ಲ. ಅವತ್ತೂ ನಾನು ಮರೆತಿರಲಿಲ್ಲ. ನೀನು ನಿನ್ನ ತಾಯಿಯನ್ನು ನೋಡಲು ಎಂಟು ದಿನ ಹೋಗಿದ್ದೆ. ಮಗಳಿಗೆ ಮೂರು ವರ್ಷ, ಕಿವಿ ಸೋರುತ್ತಿತ್ತು. ಸೀಸೆಯ ಚೀಟಿಯ ಮೇಲೆ ಕಾಂಪೌಂಡರ್ "ದಿನಕ್ಕೆ ಮೂರು ಸಲ" ಎಂದು ಬರೆದಿದ್ದ. ಹಿಂದಿನ ಔಷಧಿ ಒಂದೇ ಸಲ ಇತ್ತು, ಇಷ್ಟು ಸಣ್ಣ ಮಗುವಿಗೆ ಮೂರು ಸಲವೇ, ಬರೆಯುವಾಗ ಕೈ ತಪ್ಪಿದ್ದಾನೆ ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ. "ಮೂರು" ಹೊಡೆದು "ಒಂದು" ಮಾಡಿದೆ. ಎಂಟು ದಿನವೂ ಗಡಿಯಾರ ನೋಡಿಕೊಂಡು, ಒಂದು ದಿನವೂ ತಪ್ಪಿಸದೆ, ಒಂದೇ ಸಲ ಕೊಟ್ಟೆ. ಎಂಟನೆಯ ದಿನ ಜ್ವರ ಏರಿ ಓಡಿದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆಗೇ ನನ್ನ ತಪ್ಪು ನನಗೆ ತಿಳಿಯಿತು. ಮನೆಗೆ ಬಂದು ಸೀಸೆಯ ಚೀಟಿ ಕಿತ್ತು ಸುಟ್ಟೆ. ಮರುದಿನ ನೀನು ಬಂದು, ಅರ್ಧಕ್ಕಿಂತ ಹೆಚ್ಚು ಉಳಿದಿದ್ದ ಸೀಸೆ ಎತ್ತಿ ನೋಡಿ, "ಮರೆತ್ರಾ?" ಎಂದು ಕೇಳಿದೆ. ಆ ಪದವನ್ನು ಕೊಟ್ಟವಳು ನೀನು. "ಹೂಂ, ಮರೆತೆ" ಅಂದೆ. ಮರೆತವನನ್ನು ಕ್ಷಮಿಸುತ್ತಾರೆ ಎಂದು ಗೊತ್ತಿತ್ತು. ಇಪ್ಪತ್ತೇಳು ವರ್ಷ ನೀನು ನನ್ನನ್ನು ಮರೆಗುಳಿ ಎಂದು ನಂಬಿದೆ, ನಾನು ಆ ಮರೆವಿನ ಮರೆಯಲ್ಲಿ ಬದುಕಿಬಿಟ್ಟೆ. ಮಗುವನ್ನು ನನ್ನ ಕೈಗೆ ಕೊಡುವ ಮುಂಚೆ ನೀನು ಹೆದರಬೇಕಾದದ್ದು ಯಾವುದಕ್ಕೆ ಎಂದು ಈಗ ನಿನಗೆ ಗೊತ್ತಾಯಿತು. ಇದಾದ ಮೇಲೂ ಕರೆದರೆ ಬರುತ್ತೇನೆ. ಕರೆಯದಿದ್ದರೆ ಯಾಕೆಂದು ಕೇಳುವುದಿಲ್ಲ. ಈ ಕಾಗದವನ್ನು ಮಗಳಿಗೂ ಓದಿ ಹೇಳು. ಅವಳ ಬಲಗಡೆ ಕೂತು ಓದು.